ಟಿವಿ ಮೇಜಿನ ಹಿಂದೆ ಪವಡಿಸಿರುವ ಸರ್ಜ್ ಪ್ರೊಟೆಕ್ಟರ್ ಮಹಾಶಯರಿಗೆ

ಮಾನ್ಯ ಸರ್ಜ್ ಪ್ರೊಟೆಕ್ಟರ್ ಮಹಾಶಯರೇ,

ತೈವಾನಿನ ದಕ್ಷಿಣ ತೀರದ ತೊಂಗ್‌ಕಾಂಗ್ ಬಂದರಿನಿಂದ, ಇನ್ನೂ ಸರಿಯಾಗಿ ಹೇಳುವುದಾದರೆ ತಾವು ಪವಡಿಸಿರುವ ಜಾಗದಿಂದ ನಾಲ್ಕು ಮಾರು ದೂರದಲ್ಲಿರುವ ಊಟದ ಮೇಜಿನಿಂದ, ತಮಗೆ ನನ್ನ ಗೌರವಪೂರ್ವಕ ನಮಸ್ಕಾರಗಳು. ಒಂದೇ ಕೋಣೆಯಲ್ಲಿ ಇರುವವರು ಕಾಗದ ಬರೆದುಕೊಳ್ಳುವ ವಾಡಿಕೆ ಇಲ್ಲವೆಂದು ನನಗೂ ಗೊತ್ತಿದೆ. ಆದರೆ ಹೋದ ವಾರ ತಮ್ಮ ಮುಂದೆ ಮೊಣಕಾಲೂರಿ ಕುಳಿತು ಎರಡು ಮಾತು ಕೇಳಿ ನೋಡಿದೆ, ತಾವು ಉತ್ತರ ಕೊಡಲಿಲ್ಲ, ತಮ್ಮ ಸ್ವಿಚ್ಚಿನ ಕೆಂಪು ದೀಪ ಮಾತ್ರ ಎಂದಿನಂತೆ ಶಾಂತವಾಗಿ ಬೆಳಗುತ್ತಿತ್ತು. ಹೀಗಾಗಿ ಬರೆಯುತ್ತಿದ್ದೇನೆ. ಊರಿನ ಎಲ್ಲ ಟಿವಿಗಳ ಹಿಂದೆ ಧೂಳಿನಲ್ಲಿ ಮಲಗಿರುವ ತಮ್ಮ ಅಣ್ಣತಮ್ಮಂದಿರಿಗೂ ಇದು ಮುಟ್ಟಲಿ ಎಂಬ ಆಸೆಯಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ತಮ್ಮ ಆರೋಗ್ಯ ಕಂಡು ನಮ್ಮ ಮನೆಯವರಿಗೆಲ್ಲ ಬಹಳ ಸಂತೋಷವಾಗಿದೆ. ಆಗಸ್ಟ್ ಹದಿನಾಲ್ಕರ ಮಧ್ಯಾಹ್ನ ಮೂರು ಗಂಟೆಯ ಗುಡುಗು ಮಳೆಯಲ್ಲಿ, ತಮ್ಮ ಆಶ್ರಯ ನಂಬಿ ತಮ್ಮ ಆರು ತೂತುಗಳಿಗೆ ಚುಚ್ಚಿಕೊಂಡಿದ್ದ ಟಿವಿ ತೀರಿಕೊಂಡಿತು, ಎರಡು ಸ್ಪೀಕರ್ ಪೆಟ್ಟಿಗೆಗಳು ತೀರಿಕೊಂಡವು, ಕರೋಕೆ ಯಂತ್ರವಂತೂ ಸುಟ್ಟ ಕೂದಲಿನಂಥ ವಾಸನೆ ಬಿಟ್ಟು ತೀರಿಕೊಂಡಿತು. ತಮಗೆ ಮಾತ್ರ ಒಂದು ಗೀರೂ ಬೀಳಲಿಲ್ಲ. ತಮ್ಮ ಆರನೆಯ ತೂತಿನಲ್ಲಿ ಚಾರ್ಜ್ ಆಗುತ್ತಿದ್ದ ಸೊಳ್ಳೆ ಹೊಡೆಯುವ ಬ್ಯಾಟು ಕೂಡ ಬದುಕಿ ಉಳಿದಿದೆ. ಆದಕಾರಣ ತಾವು ಯಾರನ್ನೂ ಕಾಪಾಡಲಿಲ್ಲ ಎಂದು ನಾನು ಎಲ್ಲಿಯೂ ಹೇಳಲಾರೆ. ಸೊಳ್ಳೆಗಳ ವಿಷಯದಲ್ಲಿ ನಾವು ಈಗ ಪೂರ್ತಿ ನಿಶ್ಚಿಂತರು.

ತಮ್ಮನ್ನು ನಮ್ಮ ಮನೆಗೆ ಕರೆತಂದದ್ದು ಯಾಕೆ ಎಂಬುದು ತಮಗೆ ಮರೆತಿರಬಹುದು. ಮೂರು ವರ್ಷದ ಹಿಂದೆ, ಹೊಸ ವರ್ಷದ ಅಕ್ಕಿ ಕಡುಬು ಬೇಯಿಸುತ್ತಿದ್ದ ನಮ್ಮ ಅಮ್ಮ ಒಲೆಯ ಮುಂದೆಯೇ ಕುಸಿದು ಬಿದ್ದಳು. ಮಿದುಳಿನಲ್ಲಿ ರಕ್ತ ನಿಂತಿತ್ತು. ಕಾಲಿನ ಶಕ್ತಿ ಒಂದು ತಿಂಗಳಲ್ಲಿ ವಾಪಸು ಬಂತು, ಕೈಯದು ಆರು ತಿಂಗಳಲ್ಲಿ ಬಂತು, ಮಾತು ಮಾತ್ರ ಬರಲಿಲ್ಲ. ಮೀನು ಹರಾಜಿನ ಕಟ್ಟೆಯಲ್ಲಿ ಇಪ್ಪತ್ತು ವರ್ಷ ಗಂಡಸರ ಬಾಯಿ ಮುಚ್ಚಿಸಿದವಳು ನೀರು ಬೇಕೆಂದರೆ 'ಅ, ಅ' ಎಂದು ತೊದಲಿ ಲೋಟವನ್ನು ಗೋಡೆಗೆ ಎಸೆಯುವಂತಾದಳು. ಆಮೇಲೆ ಒಂದು ದಿನ ಆಸ್ಪತ್ರೆಯ ಮೊಗಸಾಲೆಯ ಟಿವಿಯಲ್ಲಿ ಹಳೆಯ ಹಾಡೊಂದು ಬರುತ್ತಿದ್ದಾಗ ಅಮ್ಮ ಅದರ ಜೊತೆ ಇಡೀ ಒಂದು ಸಾಲು ಹಾಡಿಬಿಟ್ಟಳು, ಒಂದು ಅಕ್ಷರವೂ ತಪ್ಪಲಿಲ್ಲ. ಮಾತು ಕಲಿಸುವ ಟೀಚರಮ್ಮ ಓಡಿಬಂದು, "ಮಾತಿನ ಕೋಣೆಗೆ ಬೀಗ ಬಿದ್ದಿದೆ ಕಣಮ್ಮ, ಆದ್ರೆ ಹಾಡಿನ ಕೋಣೆ ತೆಗೆದೇ ಇದೆ. ಅವರು ಹೇಳ್ಬೇಕಾದ್ದನ್ನ ಅಲ್ಲಿಂದಾನೇ ಹೇಳಿಸಿ" ಎಂದರು.

ಹೀಗೆ ನಮ್ಮ ಮನೆಯ ಕರೋಕೆ ಯಂತ್ರ ಅಮ್ಮನ ನಾಲಿಗೆಯಾಯಿತು. ಹಾಡಿನ ನಂಬರು ಒತ್ತಬೇಕು, ವಾದ್ಯ ಶುರುವಾಗಬೇಕು, ಆಮೇಲೆ ಅಮ್ಮ ಆ ರಾಗದಲ್ಲಿ ತನಗೆ ಬೇಕಾದ್ದನ್ನು ಹೇಳುತ್ತಾಳೆ. ಅಡಿಗೆಯ ವಿಷಯಕ್ಕೆಲ್ಲ 2417, ನಾವಿಕನನ್ನು ಬೀಳ್ಕೊಡುವ ಹೆಂಡತಿಯ ಹಾಡು. ಆ ರಾಗದಲ್ಲಿ ಅಮ್ಮ ಕಣ್ಣು ಅರ್ಧ ಮುಚ್ಚಿ, "ಸಾರಿಗೆ ಉಪ್ಪು ಸಾಲದು ಮಗಳೇ, ಶುಂಠಿಯೂ ಸಾಲದು" ಎಂದು ಎಳೆದು ಹಾಡಿದರೆ ಹೊರಗೆ ಹಾದುಹೋಗುವವರ ಕಣ್ಣು ಒದ್ದೆಯಾಗುತ್ತಿತ್ತು. ಬೈಯುವುದಕ್ಕೆ 863, ಅದು ಕುಣಿಯುವ ಹಾಡು, ಬೈಗುಳಗಳು ಬೇಗ ಬೇಗ ಕೂರುತ್ತವೆ. ದೂರದ ಊರಿನಲ್ಲಿರುವ ಅಕ್ಕನ ಜೊತೆ ಫೋನಿನಲ್ಲಿ ಮಾತಾಡಲು 1150. ಮೂರು ಮೆಟ್ಟಿಲು ಕೆಳಗಿನ ಶ್ರುತಿ ಇದ್ದರೇ ಅಮ್ಮನ ಗಂಟಲಿಗೆ ಹಿಡಿಸುತ್ತದೆ, ಆ ಶ್ರುತಿಯನ್ನು ಯಂತ್ರವೇ ನೆನಪಿಟ್ಟುಕೊಂಡಿತ್ತು. ಇಷ್ಟು ದೊಡ್ಡ ಹೊಣೆ ಹೊತ್ತ ಯಂತ್ರ ಅದು. ಪಕ್ಕದ ಮನೆಯ ಬೀ-ಹಾ ಚಿಕ್ಕಮ್ಮನ ಟಿವಿ ಹೋದ ವರ್ಷ ಗುಡುಗಿಗೆ ಸುಟ್ಟುಹೋದಾಗ ನನಗೆ ಎರಡು ದಿನ ಅನ್ನ ಸೇರಲಿಲ್ಲ. ಆಗ ತಮ್ಮಂಥವರೊಬ್ಬರನ್ನು ಮನೆಗೆ ತರಲೇಬೇಕೆಂದು ತೀರ್ಮಾನಿಸಿದೆ.

ತಮ್ಮನ್ನು ಆರಿಸಿದ ಬಗೆ ಈ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಈಗಲೂ ಮಾತಿನ ವಿಷಯ. ನಾನು ಮೀನುಂಡೆ ಅಂಗಡಿಯ ಕೆಲಸ ಮುಗಿಸಿ ಕೈಯ ಮೀನುವಾಸನೆಯೊಂದಿಗೆ ಮೂರು ದಿನ ಬಿಡದೆ ಅಲ್ಲಿಗೆ ಹೋಗಿ, ಮೂರು ಡಬ್ಬಗಳನ್ನು ಸಾಲಾಗಿ ಇಟ್ಟುಕೊಂಡು ಓದಿದೆ. ಒಂದಕ್ಕೆ ಎಂಟು ತೂತುಗಳಿದ್ದವು, ಆದರೆ ಅದು ಬರೀ ಉದ್ದನೆಯ ಪ್ಲಗ್ ಪಟ್ಟಿ, ರಕ್ಷಣೆಯ ವಿಷಯದಲ್ಲಿ ಡಬ್ಬದ ಮೇಲೆ ಒಂದು ಮಿಂಚಿನ ಚಿತ್ರ ಬಿಟ್ಟರೆ ಬೇರೇನೂ ಇರಲಿಲ್ಲ. ಇನ್ನೊಂದು ರಕ್ಷಕನೇ ಸರಿ, ಆದರೆ ಬಡಕಲು. ಜೌಲ್ ಎಂದು ಬರೆದಿರುತ್ತಾರಲ್ಲ, ತಮ್ಮ ಕುಲದವರು ಜೀವಮಾನದಲ್ಲಿ ಒಟ್ಟು ಎಷ್ಟು ಪೆಟ್ಟು ತಿನ್ನಬಲ್ಲರು ಎಂಬುದರ ಅಳತೆ, ಅದು ಅವನಿಗೆ ಬಹಳ ಕಡಿಮೆ ಇತ್ತು. ತಮ್ಮದು ಅವನ ಆರು ಪಟ್ಟು. ಮೇಲಾಗಿ ಟಿವಿಯ ಕೇಬಲ್ ತಂತಿಯೂ ತಮ್ಮೊಳಗೆ ಹಾದು ಹೋಗುವ ವ್ಯವಸ್ಥೆ, ಗಟ್ಟಿ ಮೈ, ಅಗಲವಾದ ತಲೆ, ತಲೆಯ ಮೇಲೊಂದು ಪುಟ್ಟ ಹಸಿರು ದೀಪ. ಅಂಗಡಿಯ ಲ್ಯೌ ಮಾಮ ಗಲ್ಲಕ್ಕೆ ಕೈ ಕೊಟ್ಟು ಕೂತು, "ಅ-ಜೆನ್, ಮದುವೆಗೆ ಗಂಡು ನೋಡೋರೂ ಹೀಗೆ ತಿರುಗಿಸಿ ತಿರುಗಿಸಿ ನೋಡಲ್ಲ ಕಣೇ. ಇದನ್ನ ಕಟ್ಟಿಕೊಡ್ಲಾ, ಇಲ್ಲಾ ಇನ್ನೂ ನಾಲ್ಕು ದಿನ ಓಡಾಡ್ಕೊಂಡು ಮನಸು ಕೂಡಿಸ್ತೀಯಾ?" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ನೆಲ ನೋಡುತ್ತಾ ತಮ್ಮನ್ನು ಎದೆಗೆ ಅವಚಿಕೊಂಡೆ.

ತಮಗೆ ಮೂರು ಕಾಲು, ನಮ್ಮ ಹಳೆಯ ಮನೆಯ ಗೋಡೆಗೆ ಎರಡೇ ತೂತು. ಲ್ಯೌ ಮಾಮ ಇಕ್ಕಳ ತೆಗೆದು, "ಮೂರನೇದನ್ನ ಕತ್ತರಿಸಿಬಿಡ್ತೀನಿ, ಊರೆಲ್ಲಾ ಹಾಗೇ ಮಾಡೋದು" ಎಂದರು. ಒಂದು ಕಾಲು ಕಳೆದುಕೊಂಡ ಕಾವಲುಗಾರನಿಂದ ಎಂಥ ಕಾವಲು ಎಂದು ನಾನು ಒಪ್ಪಲಿಲ್ಲ. ಕರೆಂಟಿನವರನ್ನು ಕರೆಸಿ, ಗೋಡೆ ಕೊರೆಸಿ, ತಮ್ಮ ಮೂರನೆಯ ಕಾಲಿಗಾಗಿ ಮನೆಯ ಹಿಂದಿನ ಮಣ್ಣಿನವರೆಗೆ ತಂತಿ ಎಳೆಸಿದೆ. ಇದನ್ನು ಹೇಳಿಕೊಳ್ಳುತ್ತಿರುವುದು ಹೆಚ್ಚುಗಾರಿಕೆಗಲ್ಲ. ತಮ್ಮ ಸತ್ಕಾರದಲ್ಲಿ ಎಲ್ಲಿಯೂ ಲೋಪವಾಗಲಿಲ್ಲ ಎಂದು ದಾಖಲಾಗಲಿ, ಅಷ್ಟೆ.

ಲೋಪವಾದದ್ದು ಅತಿ ಸತ್ಕಾರದಿಂದ. ತಮ್ಮನ್ನು ಕೂರಿಸಿದ ದಿನವೇ ಬೀ-ಹಾ ಚಿಕ್ಕಮ್ಮ ಚಪ್ಪಲಿ ಬಿಡುವ ಮೊದಲೇ, "ಅಯ್ಯೋ, ಹಸಿರು ಪೊಟ್ಟಣ ಎಲ್ಲೇ? ಪೊಟ್ಟಣ ಇಡದೆ ಯಾರಾದ್ರೂ ಮೆಷೀನು ಶುರು ಮಾಡ್ತಾರಾ? ಬ್ಯಾಂಕಿನ ಮೆಷೀನಿನ ಮೇಲೂ ಇದೆ, ಬಂದರಿನ ಕ್ರೇನಿನ ಮೇಲೂ ಇದೆ, ನಿಮ್ಮ ಮನೇದೇನು ಅದಕ್ಕಿಂತ ದೊಡ್ಡದಾ?" ಎಂದು ಗದರಿದರು. ಯಂತ್ರಗಳು ಹೇಳಿದ ಮಾತು ಕೇಳಿಕೊಂಡು ಇರಲಿ ಎಂದು ತೆಂಗಿನ ರುಚಿಯ ಜೋಳದ ತಿಂಡಿಯ ಪೊಟ್ಟಣವನ್ನು ಅವುಗಳ ಮೇಲೆ ಇಡುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಪೊಟ್ಟಣ ಹಸಿರೇ ಆಗಿರಬೇಕು, ಹಳದಿ ಇಟ್ಟರೆ ಯಂತ್ರ ಅನುಮಾನಿಸುತ್ತದೆ, ಕೆಂಪು ಇಟ್ಟರೆ ನಿಂತೇಬಿಡುತ್ತದೆ. ಅದನ್ನು ತಿನ್ನಬಾರದು, ಡಬ್ಬಿಯೊಳಗೆ ಮುಚ್ಚಿಡಬಾರದು, ಅದರ ಅವಧಿ ಮುಗಿಯಲು ಬಿಡಬಾರದು. ಕರೋಕೆ ಯಂತ್ರದ ಮೇಲೆ ಒಂದು ಇಟ್ಟೆವು. ತಮಗೆ ಬೇಸರವಾಗದಿರಲಿ ಎಂದು, ತಮ್ಮ ಅಗಲವಾದ ತಲೆಯ ಮೇಲೆ, ಸರಿಯಾಗಿ ನಟ್ಟನಡುವೆ, ಇನ್ನೊಂದು ಇಟ್ಟೆವು. ತಮ್ಮ ಪುಟ್ಟ ಹಸಿರು ದೀಪ ಆ ಗಳಿಗೆಯಿಂದ ದೊಡ್ಡ ಹಸಿರು ಪೊಟ್ಟಣದ ಅಡಿಯಲ್ಲಿ ಮರೆಯಾಯಿತು.

ಏಪ್ರಿಲಿನಲ್ಲಿ, ವರ್ಷಕ್ಕೊಮ್ಮೆ ಹಿರಿಯರ ಸಮಾಧಿ ಗುಡಿಸುವ ಹಬ್ಬಕ್ಕೆಂದು ನಾವೆಲ್ಲ ಅಪ್ಪನ ಸಮಾಧಿಯಿರುವ ಗುಡ್ಡಕ್ಕೆ ಹೋಗಿದ್ದ ದಿನ, ಊರಿನ ಮೇಲೆ ಒಂದು ಸಿಡಿಲು ಬಿತ್ತು. ಬೀದಿಯ ಮೂರು ಮನೆಗಳಲ್ಲಿ ಫ್ರಿಜ್ ಕೆಟ್ಟವು. ನಮ್ಮ ಮನೆಯಲ್ಲಿ ಏನೂ ಆಗಲಿಲ್ಲ. ಆ ಪೆಟ್ಟನ್ನು ತಾವೊಬ್ಬರೇ ಎದೆಯೊಡ್ಡಿ ನುಂಗಿದಿರಿ ಎಂಬುದು ನನಗೆ ಈಗ ಗೊತ್ತಾಗಿದೆ, ಅದಕ್ಕೆ ಈ ಕಾಗದದಲ್ಲಿ ಕೊಂಕಿಲ್ಲದ ಒಂದು ಕೃತಜ್ಞತೆ ಇದೆ, ದಯವಿಟ್ಟು ಸ್ವೀಕರಿಸಬೇಕು. ಆದರೆ ಆ ದಿನವೇ ತಮ್ಮ ಜೌಲುಗಳೆಲ್ಲ ಮುಗಿದುಹೋದವು. ಒಳಗಿದ್ದ ಕಾವಲುಗಾರ ಅಂದೇ ಹೋಗಿಬಿಟ್ಟ. ಹಸಿರು ದೀಪ ಆರಿತು. ತಾವು ಮಾತ್ರ ಸ್ವಿಚ್ಚಿನ ಕೆಂಪು ದೀಪ ಉರಿಸಿಕೊಂಡು, ಆರೂ ತೂತುಗಳಿಗೆ ಸಲೀಸಾಗಿ ಕರೆಂಟು ಹಂಚುತ್ತಾ, ಮಹಾಶಯರಾಗಿಯೇ ಮುಂದುವರಿದಿರಿ. ಸರ್ಕಾರಿ ಕಚೇರಿಗಳಲ್ಲಿ ಇಂಥವರನ್ನು ನೋಡಿದ್ದೆ, ಅಲ್ಲಿ ಅವರಿಗೆ ಕುರ್ಚಿ ಇರುತ್ತದೆ, ಫ್ಯಾನು ಇರುತ್ತದೆ. ಏನೂ ಇಲ್ಲದೆ, ಬರೀ ನೆಲದ ಮೇಲೆ ಮಲಗಿಕೊಂಡು, ನಾಲ್ಕು ತಿಂಗಳು ಆ ಮಟ್ಟದ ಸೇವೆ ಸಲ್ಲಿಸಿದ್ದು ತಾವೊಬ್ಬರೇ.

ಜೂನಿನಲ್ಲಿ ಪೊಟ್ಟಣದ ಅವಧಿ ಮುಗಿಯುತ್ತಿತ್ತು. ನಾನು ಮೂರು ದಿನ ಮೊದಲೇ ಹೊಸದು ತಂದೆ. ಆಗಲಾದರೂ ದೀಪ ಕಾಣಬಹುದಿತ್ತು. ಆದರೆ ಬೀ-ಹಾ ಚಿಕ್ಕಮ್ಮ, "ತಲೆ ಬರಿದು ಬಿಡಬೇಡ್ವೇ, ಹೊಸದು ಕೂತ ಮೇಲೇನೇ ಹಳೇದು ಏಳ್ಬೇಕು" ಎಂದು ಒಂದು ಕೈಯಿಂದ ಹಳೆಯದನ್ನು ಸರಿಸುತ್ತಾ ಇನ್ನೊಂದು ಕೈಯಿಂದ ಹೊಸದನ್ನು ತಳ್ಳಿ, ಅಕ್ಕಿಕಾಳಿನಷ್ಟೂ ಸಂದು ಬಿಡದೆ ಬದಲಾಯಿಸಿಬಿಟ್ಟರು. ತಿಂಡಿಯ ಅವಧಿಯನ್ನು ನಾವು ಅಷ್ಟು ಭಕ್ತಿಯಿಂದ ಕಾದೆವು. ತಮಗೂ ಒಂದು ಅವಧಿ ಇರುತ್ತದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಆಗಸ್ಟಿನ ಸಿಡಿಲು ಬಿದ್ದಾಗ ಅಮ್ಮ 863ರಲ್ಲಿ ನನ್ನನ್ನು ಬೈಯುತ್ತಿದ್ದಳು. "ಒದ್ದೆ ಛತ್ರಿ ಒಳಗೆ ತಂದೆಯಲ್ಲೇ, ನೆಲ ಒರೆಸೋರು ಯಾರು, ನಿನ್ನ..." ಎನ್ನುವಷ್ಟರಲ್ಲಿ ಕೋಣೆ ಬೆಳ್ಳಗಾಯಿತು, ವಾದ್ಯ ನಿಂತಿತು. ಅಮ್ಮನ ಬಾಯಿ ತೆರೆದೇ ಇತ್ತು. ಆ ನೆಲವನ್ನು ನನ್ನ ಯಾರು ಬಂದು ಒರೆಸಬೇಕೆಂದು ಅವಳು ಹೇಳಲಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ತಮ್ಮನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ತಮ್ಮ ಡಬ್ಬವನ್ನೂ ಹಿಡಿದು ಲ್ಯೌ ಮಾಮನ ಬಳಿಗೆ ಹೋದೆ. ಅವರು ಡಬ್ಬದೊಳಗಿನ ಮಡಿಸಿದ ಕಾಗದ ಬಿಚ್ಚಿ ಓದಿ, "ಹಸಿರು ದೀಪ ಆರಿದ್ರೆ ಕೂಡಲೇ ಹೊಸದು ಹಾಕ್ಬೇಕು ಅಂತ ಇಲ್ಲೇ ಬರ್ದಿದೆಯಲ್ಲೇ. ನೀನು ದೀಪ ಕೊನೇ ಸಲ ನೋಡಿದ್ದು ಯಾವಾಗ?" ಎಂದರು. ತಂದ ದಿನ ಎಂದೆ. "ಮೂರು ದಿನ ಓದಿದ್ಯಲ್ಲೇ ತಾಯಿ!" ಎಂದರು. ನಾನು ಓದಿದ್ದು ಡಬ್ಬದ ಹೊರಗಿನದನ್ನು, ಒಳಗಿನ ಕಾಗದ ಬಿಚ್ಚಿದ್ದು ಅಂದೇ. ಪೊಟ್ಟಣದ ವಿಷಯ ಹೇಳಿದ ಮೇಲೆ ಅವರು ಬಹಳ ಹೊತ್ತು ನಕ್ಕರು. ನಕ್ಕು ಮುಗಿದ ಮೇಲೆ ಎದ್ದು, ಅಂಗಡಿಯ ಹಣದ ಪೆಟ್ಟಿಗೆಯ ಕೆಳಗೆ ಬಗ್ಗಿ, ಅಲ್ಲಿ ತಮ್ಮ ಕುಲದವರೊಬ್ಬರ ತಲೆಯ ಮೇಲಿದ್ದ ಹಸಿರು ಪೊಟ್ಟಣವನ್ನು ಎತ್ತಿ ನೋಡಿ, ಮೆಲ್ಲಗೆ ಅದನ್ನು ಅಲ್ಲಿಯೇ ಇಟ್ಟು, ಈ ಸಲ ಚಂಡಮಾರುತ ಉತ್ತರಕ್ಕೆ ಹೋಗುವ ಹಾಗಿದೆ ಎಂದು ಮಾತು ಬದಲಾಯಿಸಿದರು.

ಯಂತ್ರ ರಿಪೇರಿ ಮಾಡುವವರು ಪಟ್ಟಣದಲ್ಲಿ ಒಬ್ಬರಿದ್ದಾರೆ. ಅದರೊಳಗಿನ ಹಲಗೆಯನ್ನು ಈಗ ಯಾರೂ ತಯಾರಿಸುವುದಿಲ್ಲವಂತೆ, ಹಳೆಯದೊಂದು ಎಲ್ಲಾದರೂ ಸಿಗಬಹುದು, ಎರಡು ತಿಂಗಳು ಕಾಯಿರಿ ಎಂದಿದ್ದಾರೆ. ಫೋನಿನಲ್ಲಿ ಹಾಡು ಹಾಕಿ ನೋಡಿದೆವು. ಅಲ್ಲಿ ಬೇರೆ ಯಾರೋ ಮೊದಲೇ ಹಾಡಿರುತ್ತಾರೆ, ಅಮ್ಮ ಅವರೊಂದಿಗೆ ಜಗಳಕ್ಕೆ ನಿಲ್ಲುತ್ತಾಳೆ. ಬರೀ ವಾದ್ಯದ್ದು ಸಿಕ್ಕಿತು, ಶ್ರುತಿ ಮೇಲಿತ್ತು. ಕಷ್ಟಪಟ್ಟು ಏರಿ, "ನನಗೆ ಬೆನ್ನಿನಲ್ಲಿ ಇಲ್ಲಿ, ಇಲ್ಲಿ..." ಎಂದು ಅಮ್ಮ ಹಾಡುತ್ತಿದ್ದಾಗ ನಡುವೆ ಶಾಂಪೂ ಜಾಹೀರಾತು ಬಂತು. ಅದು ಮುಗಿಯುವಷ್ಟರಲ್ಲಿ ಮಾತು ಹೋಗಿತ್ತು. ಬೆನ್ನಿನಲ್ಲಿ ಎಲ್ಲಿ ಎಂದು ನಾನು ಒತ್ತಿ ಒತ್ತಿ ಹುಡುಕಬೇಕಾಯಿತು. ಆಮೇಲೆ ಅಮ್ಮ ಫೋನನ್ನು ಬೋರಲು ಹಾಕಿ, ಹನ್ನೊಂದು ದಿನ ಯಾವುದಕ್ಕೂ ಬಾಯಿ ತೆರೆಯಲಿಲ್ಲ. ಭಾನುವಾರ ಅಕ್ಕ ಫೋನು ಮಾಡಿ, "ಅಮ್ಮನ್ನ ಕೊಡೇ... ಯಾಕೆ, ಬರಲ್ಲಂತಾ? ನನ್ನ ಮೇಲೆ ಸಿಟ್ಟಾ?" ಎಂದು ಕೇಳಿದಳು. ಅಮ್ಮ ಫೋನನ್ನು ಕಿವಿಗೆ ಹಿಡಿದು, ಉಸಿರು ಬಿಟ್ಟು, ವಾಪಸು ಕೊಟ್ಟಳು. ಸೊಳ್ಳೆ ಬ್ಯಾಟಿಗಾಗಿ ತಮ್ಮನ್ನು ವಾಪಸು ತಂದು ಗೋಡೆಗೆ ಚುಚ್ಚಿದ್ದೆನಲ್ಲ, ಆ ಹನ್ನೊಂದು ದಿನವೂ ತಮ್ಮ ಕೆಂಪು ದೀಪ ಉರಿಯುತ್ತಿತ್ತು. ಮನೆಯಲ್ಲಿ ಒಬ್ಬರಾದರೂ ಉತ್ಸಾಹದಿಂದ ಇದ್ದಿರಿ.

ಹನ್ನೆರಡನೆಯ ದಿನ ಬೆಳಿಗ್ಗೆ ಮೀನಿನ ಪೇಟೆಯಲ್ಲಿ ಮೀನು ಮಾರುವ ಚ್ವಾಂಗ್ ಒಂದು ಹೂಮೀನನ್ನು ತಕ್ಕಡಿಗೆ ಹಾಕಿದ. ಅಮ್ಮ ಕೈ ಆಡಿಸಿದಳು. ಅವನು ಇನ್ನೊಂದನ್ನೂ ಹಾಕಿದ. "ಎರಡು ಸಾಕಾ ಅಜ್ಜೀ? ಮೂರು ಬೇಕಾ? ಮಾತು ಬರಲ್ಲ ಪಾಪ, ಇರಲಿ ಬಿಡಿ, ನಾನೇ ಒಳ್ಳೇದು ನೋಡಿ ಹಾಕ್ತೀನಿ" ಎಂದು ದೊಡ್ಡ ದನಿಯಲ್ಲಿ, ಕಿವುಡರಿಗೆ ಹೇಳುವಂತೆ ಹೇಳಿದ. ಹರಾಜಿನ ಕಟ್ಟೆಯಲ್ಲಿ ಅವನ ಅಪ್ಪನಿಗೇ ಮೀನು ಆರಿಸುವುದನ್ನು ಕಲಿಸಿದವಳು ಅಮ್ಮ. ಅವಳು 'ಅ, ಅ' ಎಂದಳು, ಸಾಲಿನಲ್ಲಿದ್ದ ಹೆಂಗಸರು ಬೇರೆ ಕಡೆ ನೋಡಿದರು. ಮಹಾಶಯರೇ, ನಾನು ಕೆಲಸದ ಜಾಗದಲ್ಲಿ ಹೆಸರು ಕೂಗಿದರೂ ಕೈ ಎತ್ತಿ ಉತ್ತರ ಕೊಡುವವಳು, ಶಾಲೆಯ ಪ್ರಾರ್ಥನೆಯಲ್ಲಿ ಬರೀ ತುಟಿ ಆಡಿಸಿದವಳು. ಏನನ್ನಿಸಿತೋ, ಆ ಇಡೀ ಪೇಟೆಯ ನಡುವೆ ನಿಂತು 2417ರ ರಾಗವನ್ನು ಮೂಗಿನಲ್ಲಿ ಹಿಡಿದೆ. ಮೊದಲು ನನಗೇ ಕೇಳಿಸಲಿಲ್ಲ. ಆಮೇಲೆ ಬಾಯಿ ತೆರೆದು ಲಾ ಲಾ ಎಂದೆ. ಮಂಜುಗಡ್ಡೆ ಒಡೆಯುವವರು ಸುತ್ತಿಗೆ ನಿಲ್ಲಿಸಿದರು.

ಎರಡನೆಯ ಸಾಲಿಗೆ ಅಮ್ಮ ಹತ್ತಿಕೊಂಡಳು. "ಅದಲ್ಲವೋ ಚ್ವಾಂಗಾ, ಅದರ ಪಕ್ಕದ್ದು, ಕಣ್ಣು ನೋಡೋ ಅದರದು, ನಿನ್ನೆಯದು, ನಿನ್ನೆಯದು..." ಎಂದು, ನಾವಿಕನ ಹೆಂಡತಿಯ ವಿರಹವೆಲ್ಲ ಸೇರಿಸಿ, ಕೊನೆಯ ಅಕ್ಷರವನ್ನು ಎಳೆದು ಎಳೆದು ಹಾಡಿದಳು. ಪೇಟೆಯವರೆಲ್ಲ ಹೋ ಎಂದರು. ಸಾಲಿನಲ್ಲಿದ್ದ ಒಬ್ಬಾಕೆ, "ಕೇಳಿಸ್ತೇನೋ? ಹಾಡಿನಲ್ಲೇ ಮಾನ ಕಳೆದ್ಲು ನಿನ್ನ! ನನ್ನ ಚೀಲದಲ್ಲಿರೋದೂ ತೆಗಿ, ಅದೂ ನಿನ್ನೇದೇನಾ?" ಎಂದು ತಿರುಗಿಬಿದ್ದಳು. ಚ್ವಾಂಗ್ ಕೆಂಪಗಾಗಿ, "ಅಯ್ಯೋ ಅಜ್ಜೀ, ಮೆಲ್ಲಗೆ ಹಾಡಿ, ವ್ಯಾಪಾರ ಹೋಗುತ್ತೆ" ಎಂದು ಪಕ್ಕದ ಮೀನನ್ನು ತೂಗಿ ಕೊಟ್ಟ.

ಅಂದಿನಿಂದ ನನ್ನ ಸ್ಥಿತಿ ತಮ್ಮ ಅವಗಾಹನೆಗೆ. ಔಷಧಾಲಯದಲ್ಲಿ ಸರದಿ ಬಂದಾಗ ನಾನು 2417 ಹಾಡುತ್ತೇನೆ. ಬ್ಯಾಂಕಿನ ಕಿಟಕಿಯಲ್ಲಿ, ಖಾತೆದಾರರೇ ಬಾಯಿಬಿಟ್ಟು ಒಪ್ಪಿಗೆ ಹೇಳಬೇಕು ಎಂದಾಗ, ಹಿಂದೆ ಒಂಬತ್ತು ಜನ ನಿಂತಿರುವಾಗಲೇ 1150 ಹಾಡಿದೆ, ಅಮ್ಮ ಅದರಲ್ಲಿ ತನ್ನ ಹುಟ್ಟಿದ ದಿನ ಹೇಳಿದಳು, ಕಿಟಕಿಯಾಚೆಯ ಹುಡುಗಿ ಕರವಸ್ತ್ರ ತೆಗೆದಳು. ಬೀ-ಹಾ ಚಿಕ್ಕಮ್ಮನಿಗೂ ಅಮ್ಮನಿಗೂ ಜಗಳವಾದರೆ ನಾನು ನಡುವೆ ನಿಂತು 863 ಹಾಡಬೇಕು, ಉಸಿರು ಹಿಡಿಯಲು ನಿಲ್ಲಿಸಿದರೆ ಇಬ್ಬರೂ ಸೇರಿ ನನ್ನನ್ನೇ ಬೈಯುತ್ತಾರೆ. ಭಾನುವಾರ ಫೋನಿನಲ್ಲಿ ಅಕ್ಕ, "ಹಿಂದೆ ಯಾರೇ ಅದು ಊಳಿಡ್ತಿರೋದು? ನಾಯಿ ತಂದ್ರಾ?" ಎಂದು ಕೇಳಿದಳು.

ಆದುದರಿಂದ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳಿವೆ. ತಮ್ಮ ಒಳಗಿನ ಕಾವಲುಗಾರ ತೀರಿಕೊಂಡ ದಿನ ಮೌನವಾಗಿ ಒಂದು ದೀಪ ಆರಿಸಿ ಸುಮ್ಮನಾಗುವ ಬದಲು, ದಯವಿಟ್ಟು ಕೆಮ್ಮಬೇಕು, ಅಥವಾ ಬಾಗಿಲ ತನಕ ನಡೆದು ಬಂದು ಚಪ್ಪಲಿಯ ಪಕ್ಕ ಮಲಗಬೇಕು, ನಮಗೆ ಅರ್ಥವಾಗುತ್ತದೆ. ಕೆಲಸ ಮುಗಿದ ಮೇಲೆ ಕರೆಂಟು ಹಂಚುವ ಔದಾರ್ಯ ತೋರಬಾರದು. ಟಿವಿಯನ್ನು ಕತ್ತಲಲ್ಲಿ ಕೂರಿಸಿದ್ದರೆ ನಾವು ಅಂದೇ ತಮ್ಮನ್ನು ತೆಗೆದು ನೋಡುತ್ತಿದ್ದೆವು, ಯಂತ್ರ ಉಳಿಯುತ್ತಿತ್ತು. ಇದು ಸಾಧ್ಯವಿಲ್ಲವಾದರೆ ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆ ಏಳಕ್ಕೆ ತಾವು ನನ್ನ ಬದಲು ಅಮ್ಮನ ಜೊತೆ ಮೀನಿನ ಪೇಟೆಗೆ ಹೋಗಿ, ಚ್ವಾಂಗನ ಅಂಗಡಿಯ ಮುಂದೆ ನಿಂತು, ಮೂರು ಮೆಟ್ಟಿಲು ಕೆಳಗಿನ ಶ್ರುತಿಯಲ್ಲಿ 2417 ಹಾಡಬೇಕು. ತಮ್ಮ ದೀರ್ಘ ಮೌನವನ್ನು ನೋಡಿದರೆ ತಮ್ಮ ಗಂಟಲು ಬಹಳ ಚೆನ್ನಾಗಿ ಉಳಿದಿರಬೇಕೆಂದು ನನ್ನ ನಂಬಿಕೆ.

ಎಂದೂ ಆರದ ತಮ್ಮ ಕೆಂಪು ದೀಪಕ್ಕೆ ತಲೆಬಾಗಿ, ಬಾಗಿದ ತಲೆ ಎತ್ತದೆಯೇ ಗೋಡೆಯ ಪ್ಲಗ್ಗನ್ನು ಕೀಳುತ್ತಾ,

ತಮ್ಮ ವಿಶ್ವಾಸಿ,
ಕೋ ಯೀ-ಜೆನ್

ತಾಜಾಕಲಂ: ಬರೆದದ್ದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ತಾನೂ ಒಂದು ಮಾತು ಸೇರಿಸಬೇಕೆಂದು ಕಾಗದವನ್ನು ತಟ್ಟಿದಳು. ನಾನು 863 ಹಿಡಿದೆ. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುವುದು ನನ್ನ ಕರ್ತವ್ಯ: "ಮೆಷೀನು ಬೇಗ ತರಿಸಿಕೊಡ್ರಪ್ಪಾ, ನನ್ನ ಮಗಳು ಶ್ರುತಿ ತಪ್ತಾಳೆ, ನಾನು ಬೈಯೋದೂ ತಾಳ ತಪ್ತಿದೆ. ಬರೋವರೆಗೂ ಅವಳೇ ಹಾಡ್ಲಿ. ಇಷ್ಟು ವರ್ಷದಲ್ಲಿ ಅವಳ ದನಿ ನಾನು ಕೇಳಿದ್ದು ಈಗಲೇ."